ಚೌಕವೂ ಒಂದು ಆಯತವೇ? ಬಾಹುಗಳು ಸರಿ ಇದ್ದರೂ ಮೂಲೆ ಯಾಕೆ ಕೂರುವುದಿಲ್ಲ?

ಪ್ರಶ್ನೆ: ನಾವು ತಿಪಟೂರಿನವರು. ಮಗಳು 8ನೇ ತರಗತಿ, ಕನ್ನಡ ಮಾಧ್ಯಮ. ಟ್ಯೂಷನ್ ಟೆಸ್ಟಿನಲ್ಲಿ ‘ಚೌಕವು ಒಂದು ಆಯತ, ಸರಿಯೋ ತಪ್ಪೋ?’ ಅಂತ ಕೇಳಿದ್ದರು. ಇವಳು ಸರಿ ಅಂತ ಬರೆದಳು. ತಪ್ಪು ಅಂತ ಗೆರೆ ಎಳೆದು ಅಂಕ ಕಳೆದಿದ್ದಾರೆ. ಯಾವುದು ನಿಜ ಸರ್? ಸಮಬಾಹು, ಸಮದ್ವಿಬಾಹು, ತ್ರಾಪಿಜ್ಯ, ವಜ್ರಾಕೃತಿ ಅಂತ ಇಷ್ಟೊಂದು ಹೆಸರುಗಳನ್ನು ಬಾಯಿಪಾಠ ಮಾಡಿಸದೆ ಹೇಳಿಕೊಡೋದು ಹೇಗೆ? ಜೊತೆಗೆ ಇನ್ನೊಂದು ವಿಷಯ ಕೇಳಬೇಕಿತ್ತು. ನಮ್ಮದೊಂದು 30×40 ಸೈಟು ಇದೆ. ಟೇಪು ಹಿಡಿದರೆ ನಾಲ್ಕೂ ಕಡೆ ಅಳತೆ ಸರಿಯಾಗಿದೆ. ಆದರೂ ಮೇಸ್ತ್ರಿ ಮೂಲೆಮಟ್ಟ ಕೂರುತ್ತಿಲ್ಲ ಅಂತಾರೆ. ಅಳತೆ ಸರಿ ಇದ್ದ ಮೇಲೆ ಮೂಲೆ ಹೇಗೆ ತಪ್ಪುತ್ತೆ?

ಉತ್ತರ: ನಿಮ್ಮ ಮಗಳು ಬರೆದದ್ದು ಸರಿ. ಚೌಕ ಒಂದು ಆಯತ. ಮೇಸ್ತ್ರಿ ಹೇಳುತ್ತಿರುವುದೂ ಸರಿ ಇರಬಹುದು. ನೀವು ಇವೆರಡನ್ನೂ ಬೇರೆ ಬೇರೆ ವಿಷಯ ಅಂತ ಕೇಳಿದ್ದೀರಿ, ಆದರೆ ಎರಡರ ಬೇರೂ ಒಂದೇ ಕಡೆ ಇದೆ. ಒಂದು ಆಕೃತಿಯ ಬಾಹುಗಳು ಹೇಗಿವೆ ಅನ್ನುವುದು ಒಂದು ಪ್ರಶ್ನೆ. ಅದರ ಕೋನಗಳು ಹೇಗಿವೆ ಅನ್ನುವುದು ಇನ್ನೊಂದು ಪ್ರಶ್ನೆ. ಒಂದಕ್ಕೆ ಉತ್ತರ ಸಿಕ್ಕಿದರೆ ಇನ್ನೊಂದಕ್ಕೂ ಸಿಕ್ಕಿತು ಅನ್ನುವುದು ತ್ರಿಭುಜದಲ್ಲಿ ಮಾತ್ರ ನಡೆಯುತ್ತದೆ. ನಾಲ್ಕನೇ ಬಾಹು ಬಂದ ಕೂಡಲೇ ನಿಂತುಹೋಗುತ್ತದೆ. ಇದು ಮನಸ್ಸಿಗೆ ಇಳಿದರೆ ಹೆಸರುಗಳನ್ನು ಬಾಯಿಪಾಠ ಮಾಡುವ ಅಗತ್ಯ ತಾನಾಗಿ ಕಡಿಮೆಯಾಗುತ್ತದೆ.

ಮೊದಲು ಬಹುಭುಜಾಕೃತಿ ಅಂದರೆ ಏನು ಅನ್ನುವುದನ್ನು ಬೇಗ ಮುಗಿಸೋಣ. ನೇರ ಗೆರೆಗಳು ಬೇಕು. ತುದಿಗೆ ತುದಿ ಸೇರಿ ಆಕೃತಿ ಮುಚ್ಚಿರಬೇಕು. ನಡುವೆ ಒಂದನ್ನೊಂದು ದಾಟಬಾರದು. ಕನಿಷ್ಠ ಮೂರು ಗೆರೆ ಇಲ್ಲದೆ ಏನೂ ಮುಚ್ಚುವುದಿಲ್ಲ, ಹಾಗಾಗಿ ಲೆಕ್ಕ ಮೂರರಿಂದ ಶುರು. ಮೂರು ಇದ್ದರೆ ತ್ರಿಭುಜ, ನಾಲ್ಕಿದ್ದರೆ ಚತುರ್ಭುಜ, ಐದಕ್ಕೆ ಪಂಚಭುಜ, ಆರಕ್ಕೆ ಷಡ್ಭುಜ, ಎಂಟಕ್ಕೆ ಅಷ್ಟಭುಜ. ಹತ್ತು ದಾಟಿದ ಮೇಲೆ ಹೆಸರಿನ ಗೋಜು ಬೇಡ, ‘12 ಬಾಹುಗಳ ಆಕೃತಿ’ ಅಂದರೆ ಸಾಕು. ವೃತ್ತ ಈ ಗುಂಪಿಗೆ ಸೇರುವುದಿಲ್ಲ, ಅದರಲ್ಲಿ ನೇರ ಗೆರೆ ಇಲ್ಲವಲ್ಲ.

ಈಗ ತ್ರಿಭುಜಕ್ಕೆ ಬನ್ನಿ. ನಿಮ್ಮ ಕಡೆ ತೆಂಗಿನ ಕಡ್ಡಿ ಪೊರಕೆಗೆ ಬರವಿಲ್ಲ. ಅದರಿಂದ ನಾಲ್ಕು ಕಡ್ಡಿ ಕಿತ್ತು ಒಂದೇ ಉದ್ದಕ್ಕೆ ಮುರಿಯಿರಿ. ಸೈಕಲ್ ಅಂಗಡಿಯಲ್ಲಿ ವಾಲ್ವ್ ಟ್ಯೂಬ್ ಸಿಗುತ್ತದೆ. ಅದನ್ನು ಬೆರಳಗಲದ ತುಂಡುಗಳಾಗಿ ಕತ್ತರಿಸಿಕೊಳ್ಳಿ. ಕಡ್ಡಿಯ ತುದಿಗಳನ್ನು ಈ ತುಂಡುಗಳಿಗೆ ಸಿಕ್ಕಿಸಿದರೆ ಮೂಲೆಗಳು ಸಿದ್ಧ. ಮೊದಲು ಮೂರೇ ಕಡ್ಡಿ ಸೇರಿಸಿ ತ್ರಿಭುಜ ಮಾಡಲಿ. ಮಗಳು ಅದನ್ನು ಹಿಡಿದು ಎಷ್ಟು ಅಲ್ಲಾಡಿಸಿದರೂ ಆಕಾರ ಬದಲಾಗುವುದಿಲ್ಲ. ಆಮೇಲೆ ನಾಲ್ಕು ಕಡ್ಡಿಯ ಚೌಕ ಮಾಡಲಿ. ಮುಟ್ಟಿದರೆ ಸಾಕು, ವಾಲುತ್ತದೆ. ನಾಲ್ಕೂ ಕಡ್ಡಿಯ ಉದ್ದ ಹಾಗೇ ಇರುತ್ತದೆ, ಮೂಲೆ ಮಾತ್ರ ಹೋಯಿತು. ಬಾಯಲ್ಲಿ ಅರ್ಧ ಗಂಟೆ ಹೇಳುವುದಕ್ಕಿಂತ ಇದನ್ನು ಒಮ್ಮೆ ಕೈಯಲ್ಲಿ ಹಿಡಿಯುವುದು ಮೇಲು.

ತ್ರಿಭುಜದ ಮೂರು ಬಾಹುಗಳನ್ನು ಹೇಳಿದರೆ ಮೂರು ಕೋನಗಳನ್ನೂ ಹೇಳಿದ ಹಾಗೇ ಆಯಿತು. ಅದಕ್ಕೇ ತ್ರಿಭುಜಕ್ಕೆ ಇರುವ ಎರಡು ಬಗೆಯ ಹೆಸರುಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಬಾಹು ನೋಡಿ ಇಡುವ ಹೆಸರು ಮೂರು. ಮೂರೂ ಸಮವಾದರೆ ಸಮಬಾಹು, ಎರಡು ಸಮವಾದರೆ ಸಮದ್ವಿಬಾಹು, ಯಾವುದೂ ಸಮ ಇಲ್ಲದಿದ್ದರೆ ಅಸಮಬಾಹು. ಕೋನ ನೋಡಿ ಇಡುವ ಹೆಸರೂ ಮೂರು. ಮೂರೂ ಕೋನ 90 ಡಿಗ್ರಿಗಿಂತ ಕಡಿಮೆ ಇದ್ದರೆ ಲಘುಕೋನ ತ್ರಿಭುಜ, ಒಂದು ಸರಿಯಾಗಿ 90 ಇದ್ದರೆ ಲಂಬಕೋನ ತ್ರಿಭುಜ, ಒಂದು 90 ದಾಟಿದರೆ ವಿಶಾಲಕೋನ ತ್ರಿಭುಜ.

ಇಲ್ಲಿ ಮಕ್ಕಳು ಜಾಸ್ತಿ ಎಡವುವ ಜಾಗ ಒಂದಿದೆ. ಒಂದು ಮೂಲೆ ಚೂಪಾಗಿ ಕಂಡ ಕೂಡಲೇ ‘ಲಘುಕೋನ ತ್ರಿಭುಜ’ ಅಂತ ಬರೆದುಬಿಡುತ್ತಾರೆ. ಆದರೆ ಯಾವುದೇ ತ್ರಿಭುಜ ತೆಗೆದುಕೊಳ್ಳಿ, ಕನಿಷ್ಠ ಎರಡು ಕೋನ ಚೂಪಾಗೇ ಇರುತ್ತವೆ. ಮೂರೂ ಸೇರಿ 180 ತಾನೇ? ಎರಡು ಕೋನ 90ಕ್ಕೆ ಬಂದರೆ ಮೂರನೆಯದಕ್ಕೆ ಏನೂ ಉಳಿಯುವುದಿಲ್ಲ. ಹಾಗಾಗಿ ಹೆಸರು ಇಡುವಾಗ ಎಲ್ಲಕ್ಕಿಂತ ದೊಡ್ಡ ಕೋನವನ್ನು ಮಾತ್ರ ನೋಡಬೇಕು. ದೊಡ್ಡ ಕೋನ ಯಾವುದು ಅಂತ ಹುಡುಕುವುದೂ ಕಷ್ಟವಲ್ಲ, ಅದು ಯಾವಾಗಲೂ ಅತಿ ಉದ್ದದ ಬಾಹುವಿನ ಎದುರಿಗೇ ಇರುತ್ತದೆ.

ಕೋನಮಾಪಕ ಇಲ್ಲದೆ, ಬರೀ ಬಾಹುಗಳ ಉದ್ದದಿಂದಲೇ ಇದನ್ನು ಹೇಳಬಹುದು. ಉದ್ದದ ಬಾಹುವಿನ ವರ್ಗವನ್ನು ಉಳಿದ ಎರಡರ ವರ್ಗಗಳ ಮೊತ್ತದ ಪಕ್ಕ ಇಟ್ಟು ನೋಡಬೇಕು. 5, 6, 7 ತೆಗೆದುಕೊಳ್ಳಿ. 7ರ ವರ್ಗ 49. 25 ಮತ್ತು 36 ಸೇರಿ 61. 49 ಚಿಕ್ಕದು, ಹಾಗಾಗಿ ಲಘುಕೋನ. 5, 12, 13 ಆದರೆ 169ಕ್ಕೆ 169 ಸಮ, ಲಂಬಕೋನ. 4, 5, 8 ಆದರೆ 64 ಒಂದು ಕಡೆ, 41 ಇನ್ನೊಂದು ಕಡೆ. ಉದ್ದದ ಬಾಹು ಗೆದ್ದಿತು, ಹಾಗಾಗಿ ವಿಶಾಲಕೋನ. ಪೈಥಾಗೊರಸ್ ಪ್ರಮೇಯವನ್ನು ಲಂಬಕೋನ ತ್ರಿಭುಜದ ಲೆಕ್ಕಕ್ಕೆ ಮಾತ್ರ ಬಳಸಿ ಬಿಡುವುದು ನನಗೆ ಬೇಸರದ ಸಂಗತಿ. ಯಾವ ತ್ರಿಭುಜವನ್ನಾದರೂ ಗುರುತಿಸಲು ಅದು ನೆರವಾಗುತ್ತದೆ.

ಬಾಹುವಿನ ಮೂರು ಹೆಸರು, ಕೋನದ ಮೂರು ಹೆಸರು, ಎರಡನ್ನೂ ಕೂಡಿಸಿದರೆ ಒಂಬತ್ತು ಜೋಡಿ ಆಗಬೇಕು. ಆದರೆ ನಿಜವಾಗಿ ಬರೆಯಲು ಸಾಧ್ಯವಿರುವುದು ಏಳೇ. ಬಿಟ್ಟುಹೋಗುವ ಎರಡು ಯಾವುವು ಅಂತ ಮಗಳನ್ನೇ ಕೇಳಿ. ಸಮಬಾಹು ತ್ರಿಭುಜದ ಮೂರೂ ಕೋನ ಸಮ, ಅಂದರೆ ತಲಾ 60. ಅದು ಲಂಬಕೋನವೂ ಆಗಲಾರದು, ವಿಶಾಲಕೋನವೂ ಆಗಲಾರದು. ಉಳಿದ ಏಳನ್ನೂ ಅವಳು ಒಂದೊಂದಾಗಿ ಬರೆಯಲಿ. ವಿಶಾಲಕೋನ ಇರುವ ಸಮದ್ವಿಬಾಹು ತ್ರಿಭುಜಕ್ಕೆ ಬಂದಾಗ ಬಹಳ ಮಕ್ಕಳು ನಿಲ್ಲುತ್ತಾರೆ. ಎರಡು ಸಮ ಬಾಹುಗಳನ್ನು ಅಗಲವಾಗಿ ಚಾಚಿದರೆ ಸಾಕು, 120, 30, 30 ಕೋನಗಳ ತ್ರಿಭುಜ ಬರುತ್ತದೆ.

ಇನ್ನು ನಿಮ್ಮ ಸೈಟಿನ ವಿಷಯ. ನಾಲ್ಕು ಕಡ್ಡಿಯ ಚೌಕ ವಾಲಿತಲ್ಲ, ಸೈಟಿನಲ್ಲೂ ಆಗಿರುವುದು ಅದೇ ಇರಬೇಕು. ಎದುರುಬದುರು ಬಾಹುಗಳು 30 ಮತ್ತು 40 ಅಡಿ ಇದ್ದರೆ ಅದು ಸಮಾಂತರ ಚತುರ್ಭುಜ ಅನ್ನುವುದು ಮಾತ್ರ ಖಚಿತ. ಆಯತ ಹೌದೋ ಅಲ್ಲವೋ ಅಂತ ಬಾಹುಗಳು ಹೇಳುವುದಿಲ್ಲ. ಅದನ್ನು ಹೇಳುವುದು ಕರ್ಣ. ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಟೇಪು ಹಿಡಿಯಿರಿ. 30ರ ವರ್ಗ 900, 40ರ ವರ್ಗ 1600, ಸೇರಿ 2500. ಅದು 50ರ ವರ್ಗ. ಟೇಪಿನಲ್ಲಿ ಸರಿಯಾಗಿ 50 ಅಡಿ ಬಂದರೆ ಮೂಲೆ 90 ಡಿಗ್ರಿ. ನಮ್ಮ ಊರುಗಳಲ್ಲಿ ಇಷ್ಟೊಂದು ಚಾಲ್ತಿಯಲ್ಲಿರುವ 30×40 ಸೈಟಿಗೆ ಇಂಥ ಪೂರ್ಣ ಸಂಖ್ಯೆಯ ಕರ್ಣ ಸಿಕ್ಕಿರುವುದು ಅನುಕೂಲವೇ ಸರಿ. ಮೇಸ್ತ್ರಿಗಳು ದಾರ ಕಟ್ಟಿ ಮೂರು-ನಾಲ್ಕು-ಐದು ಅಳೆಯುವುದು ಇದೇ ಲೆಕ್ಕ.

ಇನ್ನೊಂದು ಕರ್ಣವನ್ನೂ ಅಳೆಯಿರಿ. ಎದುರುಬದುರು ಬಾಹುಗಳು ಸಮವಾಗಿದ್ದು ಎರಡು ಕರ್ಣಗಳೂ ಸಮವಾಗಿದ್ದರೆ ಆಯತ. ಅನುಮಾನವೇ ಬೇಡ. ಕರ್ಣಗಳು ಬೇರೆ ಬೇರೆ ಬಂದರೆ ಸೈಟು ವಾಲಿದೆ. ಉದಾಹರಣೆಗೆ, ಒಂದು ಮೂಲೆ 90ರ ಬದಲು 80 ಡಿಗ್ರಿ ಇದೆ ಅಂದುಕೊಳ್ಳಿ. ಆಗ ಒಂದು ಕರ್ಣ ಸುಮಾರು 54 ಅಡಿ, ಇನ್ನೊಂದು ಸುಮಾರು 45 ಅಡಿ 8 ಇಂಚು ಬರುತ್ತದೆ. ವಿಸ್ತೀರ್ಣ 1,200 ಚದರ ಅಡಿಯ ಬದಲು ಸುಮಾರು 1,182. ವಾಲಿಕೆ ಹೆಚ್ಚಿದಷ್ಟೂ ನಷ್ಟ ಹೆಚ್ಚು. ಮೂಲೆ 60 ಡಿಗ್ರಿಗೆ ಬಂದರೆ ಅದೇ ನಾಲ್ಕು ಬಾಹುಗಳ ಒಳಗೆ ಉಳಿಯುವುದು 1,039 ಚದರ ಅಡಿ ಮಾತ್ರ.

ಕೈಯಲ್ಲಿ ಹಿಡಿಯುವ ಮೂಲೆಮಟ್ಟ ಒಂದನ್ನೇ ನಂಬಬೇಡಿ. ಅದು ಒಂದೆರಡು ಅಡಿಯ ಉಪಕರಣ. ಮೂಲೆಯಲ್ಲಿ ಒಂದೇ ಒಂದು ಡಿಗ್ರಿ ತಪ್ಪಿದರೂ 40 ಅಡಿ ಹೋಗುವಷ್ಟರಲ್ಲಿ ಗೋಡೆ ಎಂಟು ಇಂಚಿಗಿಂತ ಜಾಸ್ತಿ ಪಕ್ಕಕ್ಕೆ ಸರಿದಿರುತ್ತದೆ. ಕರ್ಣ ಅಳೆಯುವುದು ಇದಕ್ಕಿಂತ ಭದ್ರ. ಕರ್ಣಗಳು ಬೇರೆಯಾದರೆ ಗೂಟವನ್ನು ನೀವೇ ಸರಿಸಲು ಹೋಗಬೇಡಿ, ಪಕ್ಕದವರ ಗಡಿಯ ಪ್ರಶ್ನೆ ಬರುತ್ತದೆ. ಪರವಾನಗಿ ಇರುವ ಸರ್ವೆಯರ್ ಒಬ್ಬರಿಂದ ಅಳತೆ ಮಾಡಿಸಿ ಸ್ಕೆಚ್ ತೆಗೆದುಕೊಳ್ಳಿ. ಪಾಯ ತೋಡುವುದಕ್ಕೆ ಮುಂಚೆ ಇದು ಆಗಬೇಕು.

ಹೊಲದ ಅಳತೆಗೂ ಇದೇ ಮಾತು ಹೇಳಬೇಕು. ಗುಂಟೆ ಅಂದರೆ 33 ಅಡಿಗೆ 33 ಅಡಿ, 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ, 43,560 ಚದರ ಅಡಿ. ಇಲ್ಲಿಯವರೆಗೆ ಸರಿ. ಆದರೆ ನಾಲ್ಕು ಬದಿಯ ವಕ್ರ ಹೊಲವನ್ನು ಅಳೆಯುವಾಗ ಎದುರುಬದುರು ಬದಿಗಳ ಸರಾಸರಿ ತೆಗೆದು ಗುಣಿಸಿಬಿಡುವುದು ಬಾಯಿಲೆಕ್ಕದ ರೂಢಿ. ಈ ಲೆಕ್ಕ ಆಯತ ಇದ್ದಾಗ ಮಾತ್ರ ಸರಿಯಾದ ಉತ್ತರ ಕೊಡುತ್ತದೆ. ಬೇರೆ ಯಾವ ಚತುರ್ಭುಜಕ್ಕೆ ಹಾಕಿದರೂ ಇರುವುದಕ್ಕಿಂತ ಹೆಚ್ಚೇ ತೋರಿಸುತ್ತದೆ, ಕಡಿಮೆ ಎಂದೂ ತೋರಿಸುವುದಿಲ್ಲ. ಜಮೀನು ಮಾರುವವರಿಗೆ ಲಾಭ, ಕೊಳ್ಳುವವರಿಗೆ ನಷ್ಟ. 7ನೇ ಶತಮಾನದಲ್ಲೇ ಬ್ರಹ್ಮಗುಪ್ತ ಇದನ್ನು ಸ್ಥೂಲ ಲೆಕ್ಕ ಅಂತ ಕರೆದಿದ್ದ. ಸರಿಯಾಗಿ ಬೇಕೆಂದರೆ ಒಂದು ಕರ್ಣವನ್ನೂ ಅಳೆದು, ಹೊಲವನ್ನು ಎರಡು ತ್ರಿಭುಜ ಮಾಡಿ, ಎರಡರ ವಿಸ್ತೀರ್ಣ ಕೂಡಿಸಬೇಕು. ತ್ರಿಭುಜ ವಾಲುವುದಿಲ್ಲವಲ್ಲ, ಹಾಗಾಗಿ ಲೆಕ್ಕವೂ ವಾಲುವುದಿಲ್ಲ.

ಎರಡನೇ ಭಾಸ್ಕರಾಚಾರ್ಯ 1150ರಲ್ಲಿ ಬರೆದ ಲೀಲಾವತಿಯಲ್ಲಿ ಈ ವಿಷಯಕ್ಕೆ ಸಿಟ್ಟೇ ಮಾಡಿಕೊಂಡಿದ್ದಾನೆ. ಕರ್ಣವನ್ನಾಗಲಿ ಲಂಬವನ್ನಾಗಲಿ ಹೇಳದೆ, ಬರೀ ನಾಲ್ಕು ಬಾಹು ಕೊಟ್ಟು ಕ್ಷೇತ್ರಫಲ ಎಷ್ಟು ಅಂತ ಕೇಳುವವನನ್ನು ಅವನು ಪಿಶಾಚಿ ಅನ್ನುತ್ತಾನೆ. ಅಂಥ ಪ್ರಶ್ನೆಗೆ ಉತ್ತರ ಹೇಳಹೊರಡುವವನು ಅವನಿಗಿಂತಲೂ ಕಡೆ ಅಂತಲೂ ಸೇರಿಸುತ್ತಾನೆ. ಮಕ್ಕಳಿಗೆ ಇದನ್ನು ಹೇಳಿದರೆ ನಗುತ್ತಾರೆ. ಆದರೆ ನಾಲ್ಕು ಬಾಹು ಗೊತ್ತಿದ್ದರೂ ಆಕೃತಿ ಗೊತ್ತಾಗುವುದಿಲ್ಲ ಅನ್ನುವುದನ್ನು ಮರೆಯುವುದಿಲ್ಲ.

ಅದಕ್ಕಿಂತ ಮುಂಚೆ, 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ನಮ್ಮ ನಾಡಿನ ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಅದರಲ್ಲಿ ತ್ರಿಭುಜ ಮೂರು ಬಗೆ, ಚತುರ್ಭುಜ ಐದು ಬಗೆ. ಸಮ, ದ್ವಿದ್ವಿಸಮ, ದ್ವಿಸಮ, ತ್ರಿಸಮ, ವಿಷಮ. ನಾಲ್ಕೂ ಬಾಹು ಸಮ, ಎರಡೆರಡು ಸಮ, ಎರಡು ಸಮ, ಮೂರು ಸಮ, ಯಾವುದೂ ಸಮ ಇಲ್ಲ ಅಂತ. ಹೆಸರುಗಳೆಲ್ಲ ಬಾಹುವನ್ನು ನೋಡಿ ಇಟ್ಟವು. ಇಂದಿನ ಪಠ್ಯದಲ್ಲಿ ಬಾಹುವಿನ ಜೊತೆಗೆ ಕೋನ ಮತ್ತು ಸಮಾಂತರತೆಯೂ ಹೆಸರಿನೊಳಗೆ ಬರುತ್ತವೆ. ಮಕ್ಕಳಿಗೆ ಗೊಂದಲ ಆಗುವುದು ಇಲ್ಲೇ. ಯಾವ ಹೆಸರು ಯಾವ ಪ್ರಶ್ನೆಗೆ ಉತ್ತರ ಅಂತ ಯಾರೂ ಬಿಡಿಸಿ ಹೇಳಿರುವುದಿಲ್ಲ.

ಬಿಡಿಸಿ ನೋಡೋಣ. ಚತುರ್ಭುಜದ ನಾಲ್ಕೂ ಕೋನ ಲಂಬಕೋನವೇ? ಹೌದಾದರೆ ಅದು ಆಯತ. ಇಲ್ಲಿ ಬಾಹುಗಳ ಸುದ್ದಿಯೇ ಬರಲಿಲ್ಲ ಅನ್ನುವುದನ್ನು ಗಮನಿಸಿ. ನಾಲ್ಕೂ ಬಾಹು ಸಮವೇ? ಹೌದಾದರೆ ಅದು ವಜ್ರಾಕೃತಿ. ಇಲ್ಲಿ ಕೋನದ ಸುದ್ದಿ ಬರಲಿಲ್ಲ. ಎರಡೂ ಪ್ರಶ್ನೆಗೆ ಹೌದು ಅಂತ ಬಂದರೆ ಅದು ಚೌಕ. ಹಾಗಾಗಿ ಚೌಕ ಆಯತವೂ ಹೌದು, ವಜ್ರಾಕೃತಿಯೂ ಹೌದು. ತಿಪಟೂರಿನವರೆಲ್ಲ ತುಮಕೂರು ಜಿಲ್ಲೆಯವರು, ಆದರೆ ತುಮಕೂರು ಜಿಲ್ಲೆಯವರೆಲ್ಲ ತಿಪಟೂರಿನವರಲ್ಲ. ಚೌಕಗಳೆಲ್ಲ ಆಯತಗಳು, ಆಯತಗಳೆಲ್ಲ ಚೌಕಗಳಲ್ಲ.

ಹಾಗಾದರೆ ಟ್ಯೂಷನ್‌ನಲ್ಲಿ ತಪ್ಪು ಹಾಕಿದ್ದು ಯಾಕೆ? ಆ ಅಭಿಪ್ರಾಯಕ್ಕೂ ಬಹಳ ಹಳೆಯ ಬೇರಿದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಯೂಕ್ಲಿಡ್ ತನ್ನ ವ್ಯಾಖ್ಯೆಗಳಲ್ಲಿ ಉದ್ದ ಚೌಕವನ್ನು ‘ಲಂಬಕೋನ ಇರುವ, ಆದರೆ ಬಾಹುಗಳು ಸಮ ಇಲ್ಲದ’ ಆಕೃತಿ ಅಂತ ಬೇರೆ ಇಟ್ಟಿದ್ದ. ಸಮದ್ವಿಬಾಹು ತ್ರಿಭುಜಕ್ಕೂ ಎರಡೇ ಎರಡು ಬಾಹು ಸಮ ಅಂದಿದ್ದ. ಒಂದು ಆಕೃತಿಗೆ ಒಂದೇ ಡಬ್ಬಿ ಅನ್ನುವ ಪದ್ಧತಿ ಅದು. ಈಗಿನ ಗಣಿತ ಅದನ್ನು ಬಿಟ್ಟಿದೆ. ಕಾರಣ ಸರಳ. ಆಯತದ ಕರ್ಣಗಳು ಸಮ ಅಂತ ಒಮ್ಮೆ ಸಾಧಿಸಿದರೆ ಚೌಕಕ್ಕೂ ಅದು ತಾನಾಗಿ ಅನ್ವಯಿಸಬೇಕು. ವಜ್ರಾಕೃತಿಯ ಕರ್ಣಗಳು ಒಂದನ್ನೊಂದು ಲಂಬವಾಗಿ ಅರ್ಧಿಸುತ್ತವೆ ಅಂತ ಸಾಧಿಸಿದರೆ ಅದೂ ಚೌಕಕ್ಕೆ ಬರಬೇಕು. ಚೌಕವನ್ನು ಹೊರಗೆ ನಿಲ್ಲಿಸಿದರೆ ಪ್ರತಿಯೊಂದನ್ನೂ ಮತ್ತೆ ಮೊದಲಿನಿಂದ ಸಾಧಿಸಬೇಕಾಗುತ್ತದೆ. ಸುಮ್ನೆ ಎರಡು ಸಲ ಕೆಲಸ. 8ನೇ ತರಗತಿಯ ಪಠ್ಯದಲ್ಲೂ ಚೌಕವನ್ನು ಎಲ್ಲ ಬಾಹುಗಳೂ ಸಮವಾಗಿರುವ ಆಯತ ಅಂತಲೇ ಹೇಳಿದೆ. ಆ ಪುಟ ತೆಗೆದು, ಜಗಳದ ದನಿ ಇಲ್ಲದೆ, ಟ್ಯೂಷನ್ ಮೇಷ್ಟ್ರಿಗೆ ತೋರಿಸಿ. ಮಗಳ ಎದುರಿಗೇ ತೋರಿಸಿದರೆ ಒಳ್ಳೆಯದು. ಪುಸ್ತಕ ನೋಡಿ ತೀರ್ಮಾನಿಸಬಹುದು ಅನ್ನುವುದು ಅವಳಿಗೂ ಗೊತ್ತಾಗಲಿ.

ತ್ರಾಪಿಜ್ಯಕ್ಕೆ ಒಂದು ಜೊತೆ ಸಮಾಂತರ ಬಾಹು ಸಾಕು. ಎರಡೂ ಜೊತೆ ಸಮಾಂತರವಾದರೆ ಸಮಾಂತರ ಚತುರ್ಭುಜ. ಅಕ್ಕಪಕ್ಕದ ಬಾಹುಗಳು ಎರಡೆರಡು ಸಮವಾದರೆ ಗಾಳಿಪಟ. ಇವು ಮೂರೂ ಅಷ್ಟು ಕಷ್ಟವಲ್ಲ. ಆದರೆ ಒಂದು ಎಚ್ಚರ ಬೇಕು. ಪುಸ್ತಕದಲ್ಲಿ ಚೌಕವನ್ನು ಯಾವಾಗಲೂ ನೆಟ್ಟಗೆ ಕೂರಿಸಿ ಬರೆದಿರುತ್ತಾರೆ. ಅದೇ ಚೌಕವನ್ನು ಒಂದು ಮೂಲೆಯ ಮೇಲೆ ನಿಲ್ಲಿಸಿ ಬರೆದರೆ ಅರ್ಧ ತರಗತಿ ‘ಇದು ಚೌಕ ಅಲ್ಲ, ಡೈಮಂಡು’ ಅನ್ನುತ್ತದೆ. ಲಂಬಕೋನ ತ್ರಿಭುಜದ ಲಂಬಕೋನ ಮೇಲಕ್ಕೆ ಹೋದರೂ ಹಾಗೇ, ಗುರುತು ಸಿಗುವುದಿಲ್ಲ. ಆಕೃತಿಯನ್ನು ತಿರುಗಿಸಿದರೆ ಬಾಹುವೂ ಬದಲಾಗುವುದಿಲ್ಲ, ಕೋನವೂ ಬದಲಾಗುವುದಿಲ್ಲ. ಮನೆಯಲ್ಲಿ ಅಭ್ಯಾಸ ಮಾಡಿಸುವಾಗ ನೋಟ್‌ಬುಕ್ಕನ್ನೇ ಓರೆ ಮಾಡಿ ಹಿಡಿದು ಕೇಳಿ.

ಬಾಹುಗಳೂ ಸಮ, ಕೋನಗಳೂ ಸಮ ಆದರೆ ಅದನ್ನು ನಿಯಮಿತ ಬಹುಭುಜಾಕೃತಿ ಅನ್ನುತ್ತೇವೆ. ಎರಡೂ ಬೇಕು. ಚೌಕವಲ್ಲದ ವಜ್ರಾಕೃತಿಗೆ ಬಾಹುಗಳಷ್ಟೇ ಸಮ, ಚೌಕವಲ್ಲದ ಆಯತಕ್ಕೆ ಕೋನಗಳಷ್ಟೇ ಸಮ, ಎರಡೂ ನಿಯಮಿತ ಅಲ್ಲ. ಕೋನ ಎಷ್ಟು ಅಂತ ಕಂಡುಹಿಡಿಯಲು ಸೂತ್ರ ಒಂದೇ. ಒಂದು ಮೂಲೆಯಲ್ಲಿ ನಿಂತು ಉಳಿದ ಮೂಲೆಗಳಿಗೆಲ್ಲ ಗೆರೆ ಎಳೆದರೆ ಆಕೃತಿ ತ್ರಿಭುಜಗಳಾಗಿ ಒಡೆಯುತ್ತದೆ. ಬಾಹುಗಳ ಸಂಖ್ಯೆಗಿಂತ ಎರಡು ಕಡಿಮೆ ತ್ರಿಭುಜ. ಪ್ರತಿಯೊಂದಕ್ಕೂ 180. ಹಾಗಾಗಿ ಚತುರ್ಭುಜಕ್ಕೆ 360, ಪಂಚಭುಜಕ್ಕೆ 540, ಷಡ್ಭುಜಕ್ಕೆ 720. ಇದನ್ನು ಬಾಹುಗಳ ಸಂಖ್ಯೆಯಿಂದ ಭಾಗಿಸಿದರೆ ನಿಯಮಿತ ಪಂಚಭುಜದ ಒಂದು ಕೋನ 108, ಷಡ್ಭುಜದ್ದು 120, ಅಷ್ಟಭುಜದ್ದು 135.

ಇದು ಬರೀ ಪುಸ್ತಕದ ಮಾತಲ್ಲ. ತಿಪಟೂರಿನ ಸುತ್ತ ತೋಟ ಮಾಡುವವರು ತೆಂಗಿನ ಸಸಿಗೆ ಗುಂಡಿ ಗುರುತು ಹಾಕುವಾಗ ಇದೇ ಆಯ್ಕೆ ಎದುರಾಗುತ್ತದೆ. 30 ಅಡಿ ಅಂತರದಲ್ಲಿ ಚೌಕ ಪದ್ಧತಿ ಹಿಡಿದರೆ ಒಂದು ಗಿಡಕ್ಕೆ 900 ಚದರ ಅಡಿ, ಎಕರೆಗೆ ಸುಮಾರು 48 ಗಿಡ. ತ್ರಿಕೋನ ಪದ್ಧತಿಯಲ್ಲಿ ಮೂರು ಮೂರು ಗಿಡ ಸೇರಿ 30 ಅಡಿಯ ಸಮಬಾಹು ತ್ರಿಭುಜ ಆಗುತ್ತದೆ. ಸಾಲಿನಿಂದ ಸಾಲಿಗೆ 30ರ ಬದಲು 26 ಅಡಿ ಸಾಕು. ಗಿಡದಿಂದ ಗಿಡಕ್ಕೆ ಅಂತರ ಒಂದಿಂಚೂ ಕಡಿಮೆಯಾಗಲಿಲ್ಲ, ಆದರೂ ಎಕರೆಗೆ ಸುಮಾರು 55 ಗಿಡ ಹಿಡಿಯುತ್ತದೆ. ಅಂಚು ಬಿಡುವ ಲೆಕ್ಕ ಬೇರೆ ಮಾಡಿಕೊಳ್ಳಿ. ತೋಟದ ನಡುವಿನ ಯಾವುದೇ ಗಿಡದ ಹತ್ತಿರ ನಿಂತು ಸುತ್ತ ನೋಡಿದರೆ ಆರು ಗಿಡಗಳು ನಿಯಮಿತ ಷಡ್ಭುಜದ ಮೂಲೆಗಳಲ್ಲಿ ಕಾಣುತ್ತವೆ. ಒಂದು ಬಿಂದುವಿನ ಸುತ್ತ 360 ಡಿಗ್ರಿ, ಅದರಲ್ಲಿ ಆರು 60 ಹಿಡಿಯುತ್ತವೆ. ನಾಲ್ಕು 90 ಹಿಡಿಯುತ್ತವೆ, ಮೂರು 120 ಹಿಡಿಯುತ್ತವೆ. ನೆಲಕ್ಕೆ ಸಂದಿ ಬಿಡದೆ ಒಂದೇ ಬಗೆಯ ನಿಯಮಿತ ಆಕೃತಿಯ ಟೈಲ್ಸ್ ಹಾಸಲು ಆಗುವುದು ಈ ಮೂರರಿಂದ ಮಾತ್ರ. ಪಂಚಭುಜದ 108 ಮೂರು ಸಲ ಕೂತರೆ 324, ಇನ್ನೂ 36 ಡಿಗ್ರಿ ಸಂದಿ ಉಳಿಯುತ್ತದೆ.

ಇನ್ನೊಂದು ವಿಂಗಡಣೆ ಇದೆ, ಪೀನ ಮತ್ತು ನಿಮ್ನ. ಎಲ್ಲ ಒಳಕೋನಗಳೂ 180ಕ್ಕಿಂತ ಕಡಿಮೆ ಇದ್ದರೆ ಪೀನ. ಒಂದಾದರೂ 180 ದಾಟಿದರೆ ನಿಮ್ನ, ಅಂದರೆ ಆ ಮೂಲೆ ಒಳಕ್ಕೆ ತಳ್ಳಿದಂತೆ ಇರುತ್ತದೆ. ಇದನ್ನು ತೋರಿಸಲು ನಿಮ್ಮ ತಾಲ್ಲೂಕಿನಲ್ಲೇ ಸೊಗಸಾದ ಜಾಗ ಇದೆ. ಅರಳಗುಪ್ಪೆಯ ಚೆನ್ನಕೇಶವ ದೇವಸ್ಥಾನ. ಹೊಯ್ಸಳರ ಕಾಲದ್ದು. ಗರ್ಭಗುಡಿಯ ಹೊರಗೋಡೆ ನಕ್ಷತ್ರದ ಆಕಾರದಲ್ಲಿ ಸಾಗುತ್ತದೆ. ಒಂದು ಮೂಲೆ ಹೊರಕ್ಕೆ ಬಂದರೆ ಮುಂದಿನದು ಒಳಕ್ಕೆ ಹೋಗುತ್ತದೆ. ಮಗಳನ್ನು ಕರೆದುಕೊಂಡು ಹೋಗಿ, ಗೋಡೆಯ ಪಕ್ಕದಲ್ಲೇ ನಡೆಸಿ, ಹೊರಮೂಲೆ ಒಳಮೂಲೆ ಎರಡನ್ನೂ ಎಣಿಸಲಿ.

ಅದಕ್ಕೆ ಮುಂಚೆ ಮನೆಯಲ್ಲಿ ಚಿಕ್ಕ ನಕ್ಷತ್ರ ಬರೆಯಲಿ. ಒಂದೇ ಅಳತೆಯ ಎರಡು ಚೌಕ ಕತ್ತರಿಸಿ, ನಡುಬಿಂದು ಒಂದೇ ಇರುವ ಹಾಗೆ ಒಂದರ ಮೇಲೊಂದಿಟ್ಟು, ಮೇಲಿನದನ್ನು 45 ಡಿಗ್ರಿ ತಿರುಗಿಸಬೇಕು. ಹೊರಗೆರೆಯನ್ನು ಮಾತ್ರ ಪೆನ್ಸಿಲಿನಿಂದ ತಿದ್ದಿದರೆ ಎಂಟು ಮೊನೆಯ ನಕ್ಷತ್ರ. ಎಷ್ಟು ಬಾಹು ಅಂತ ಕೇಳಿದರೆ ಎಂಟು ಅಂತಾರೆ. ಎಣಿಸಿದರೆ ಹದಿನಾರು. ಹಾಗಾಗಿ ಕೋನಗಳ ಮೊತ್ತ 14ನ್ನು 180ರಿಂದ ಗುಣಿಸಿದಷ್ಟು, 2,520. ಎಂಟು ಮೊನೆಗಳು ಚೌಕದ ಮೂಲೆಗಳೇ, ತಲಾ 90, ಒಟ್ಟು 720. ಉಳಿದ 1,800ನ್ನು ಎಂಟು ಒಳಮೂಲೆಗಳಿಗೆ ಹಂಚಿದರೆ ತಲಾ 225. ಅದು 180ಕ್ಕಿಂತ ಜಾಸ್ತಿ, ಹಾಗಾಗಿ ನಿಮ್ನ. ಹದಿನಾರು ಬಾಹುಗಳೂ ಸಮ ಇದ್ದರೂ ಇದು ನಿಯಮಿತ ಅಲ್ಲ. ಬಾಹು ಒಂದು ಪ್ರಶ್ನೆ, ಕೋನ ಇನ್ನೊಂದು ಪ್ರಶ್ನೆ ಅಂದದ್ದು ಇಲ್ಲಿ ಕಣ್ಣಿಗೇ ಕಾಣುತ್ತದೆ.

ಬಾಯಿಪಾಠ ಬೇಡ ಅಂದಿರಿ. ಹೆಸರು ಕೊಟ್ಟು ಚಿತ್ರ ಬರೆಸುವುದನ್ನು ಸ್ವಲ್ಪ ಕಡಿಮೆ ಮಾಡಿ. ಷರತ್ತು ಕೊಟ್ಟು ಚಿತ್ರ ಬರೆಸಿ. ಅದು ಸಾಧ್ಯವಾ ಇಲ್ಲವಾ ಅಂತ ಅವಳೇ ಹೇಳಲಿ. ಚತುರ್ಭುಜಕ್ಕೆ ಮೂರು ವಿಶಾಲಕೋನ ಇರಬಹುದಾ? ಇರಬಹುದು, 100, 100, 100 ಆದಮೇಲೆ 60 ಉಳಿಯುತ್ತದೆ. ನಾಲ್ಕೂ ವಿಶಾಲಕೋನ ಆಗಬಹುದಾ? ಆಗದು, ಮೊತ್ತ 360 ದಾಟಿಬಿಡುತ್ತದೆ. ಪಂಚಭುಜಕ್ಕೆ ಹೆಚ್ಚೆಂದರೆ ಎಷ್ಟು ಲಂಬಕೋನ? ಮೂರು. ಚೌಕದ ಒಂದು ಮೂಲೆಯನ್ನು ಓರೆಯಾಗಿ ಕತ್ತರಿಸಿದರೆ ಬರುತ್ತದೆ. ನಾಲ್ಕು ಯಾಕೆ ಆಗುವುದಿಲ್ಲ ಅಂದರೆ, ಆಗ ಐದನೆಯದಕ್ಕೆ ಸರಿಯಾಗಿ 180 ಉಳಿಯುತ್ತದೆ, ಅಂದರೆ ಅಲ್ಲಿ ಮೂಲೆಯೇ ಇಲ್ಲ.

ಮುಂದಿನದು ಷಡ್ಭುಜ. ಐದು ಲಂಬಕೋನ ಇರುವ ಷಡ್ಭುಜ ಬರೆ ಅನ್ನಿ. ಪೀನ ಆಕೃತಿಗಳಲ್ಲೇ ಹುಡುಕಿದರೆ ಸಿಗುವುದಿಲ್ಲ. ಐದು 90 ಸೇರಿ 450, ಒಟ್ಟು ಬೇಕಿರುವುದು 720, ಆರನೆಯ ಕೋನಕ್ಕೆ 270 ಉಳಿಯುತ್ತದೆ. ಅಂದರೆ ಒಂದು ಮೂಲೆ ಒಳಕ್ಕೆ ಹೋಗಲೇಬೇಕು. ಆಯತದ ಒಂದು ಮೂಲೆಯಿಂದ ಚಿಕ್ಕ ಆಯತವನ್ನು ಕತ್ತರಿಸಿ ತೆಗೆದರೆ ಉಳಿಯುವುದು ಇದೇ. 30×40 ಸೈಟಿನಲ್ಲಿ ಮುಂದಿನ ಒಂದು ಮೂಲೆಯನ್ನು ಗಾಡಿ ನಿಲ್ಲಿಸಲು ಖಾಲಿ ಬಿಟ್ಟು ಮನೆ ಕಟ್ಟುವವರು ಬಹಳ ಜನ. ನಿಮ್ಮ ಪ್ಲಾನು ಹಾಗಿದ್ದರೆ ಅದನ್ನೇ ಅವಳ ಮುಂದೆ ಹರವಿ, ಗೋಡೆಯ ಹೊರಗೆರೆಯ ಆರೂ ಕೋನಗಳನ್ನು ಅವಳ ಕೈಯಲ್ಲೇ ಬರೆಸಿ.